ಪೆಟ್ಟಿಗೆಯೊಳಗಿನ ಬೂದಿ

ಶಹಾಬಜಾರ, ಕಲಬುರಗಿ
22-11-2025

ಮಗಳಂಥ ಸೊಸೆ ಜಯದೇವಿಗೆ ಮಾವನ ಆಶೀರ್ವಾದಗಳು.

ಕಮಲಾಪುರದಲ್ಲಿ ನಿಮ್ಮ ಅವ್ವನ ಮೊಣಕಾಲು ನೋವು ಹೇಗಿದೆ? ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಇಲ್ಲಿ ನಿನ್ನ ಗಂಡ ವಿವೇಕಾನಂದ ಮಾಡಿದ ಸಾರು ಉಂಡು ಅಪ್ಪ ಮಗ ಇಬ್ಬರೂ ಹೇಗೋ ಬದುಕಿದ್ದೇವೆ. ಫೋನ್ ಮಾಡಬಹುದಿತ್ತು, ಆದರೆ ನಿನ್ನ ದನಿ ಕೇಳಿದರೆ ನನ್ನ ಬಾಯಿ ಕಟ್ಟುತ್ತದೆ, ಅದಕ್ಕೇ ಈ ಕಾಗದ.

ಕಂಪ್ಯೂಟರ್ ವಿಷಯ ಬರೆಯಬೇಕಿತ್ತು. ಬಟನ್ ಒತ್ತಿದರೆ ಗುರ್ರೆಂದು ಎದ್ದು, ಪರದೆಯ ಮೇಲೆ ಏನಾದರೂ ಮೂಡುವಷ್ಟರಲ್ಲಿ ಆರಿಹೋಗುತ್ತಿತ್ತಲ್ಲ, ಅದು ನಿನ್ನಿಂದ ಕೆಟ್ಟದ್ದಲ್ಲ. ಬುಧವಾರ ನೀನು ಅವ್ವನ ಜೊತೆ ಬಸ್ ಹತ್ತಿದ ಮೇಲೆ, ಜಗತ್ ಸರ್ಕಲ್ಲಿನಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಬುರ್ಹಾನುದ್ದೀನ್ ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿದ. "ಕಾಕಾ, ಇದರಾಗ ಇಷ್ಟ ಬೂದಿ ಹ್ಯಾಂಗ್ ಬಂತ್ರಿ? ಫ್ಯಾನ್ ತಿರುಗಲಾಕ ಜಾಗಾನೇ ಇಲ್ಲ, ಗರಂ ಆಗಿ ಬಂದ್ ಆಗ್ಲಾಕತ್ತದ" ಎಂದ. ಹೇಗೆ ಬಂತೆಂದು ನನಗೆ ಗೊತ್ತು. ದಸರೆಯಲ್ಲಿ ಖಂಡೆ ಪೂಜೆಯ ದಿನ ಆ ಪೆಟ್ಟಿಗೆಗೆ ವಿಭೂತಿ ಹಚ್ಚಿ, ಊದಿನಕಡ್ಡಿ ಸಿಗಿಸಲು ಜಾಗ ಹುಡುಕಿದೆ. ನೆತ್ತಿಯ ಮೇಲೆ ಸಾಲಾಗಿ ತೂತುಗಳಿದ್ದವು, ಹೇಳಿ ಮಾಡಿಸಿದ ಹಾಗೆ. ಆಮೇಲೆ ದಿನಾ ಲಿಂಗಪೂಜೆ ಮುಗಿಸಿ ಅಲ್ಲೊಂದು ಕಡ್ಡಿ ಹಚ್ಚಿಡುತ್ತಾ ಬಂದೆ. ನೀನು ಶಿಕ್ಷಕಿಯ ಪರೀಕ್ಷೆಗೆ ಅದರಲ್ಲೇ ಓದುತ್ತಿದ್ದೆಯಲ್ಲ, ಪಾಸಾಗಲಿ ಎಂದು.

ಅಂಥ ನಾನು, ಮಂಗಳವಾರ ಬೆಳಿಗ್ಗೆ, ನಿನ್ನನ್ನು ನೋಡಲು ಬಂದ ನಿಮ್ಮ ಅವ್ವನ ಎದುರಿಗೇ, "ಹಗಲೆಲ್ಲಾ ಹಚ್ಚಿಟ್ಟು ಸುಟ್ಟು ಹಾಕಿದಿ, ಓದಿ ಯಾವ ರಾಜ್ಯ ಆಳಾಕಿ ನೀ?" ಎಂದು ಒದರಿದೆ. "ಇನ್ನ ನಾ ಅದನ್ನ ಮುಟ್ಟಂಗಿಲ್ರಿ" ಎಂದೆ ನೀನು. ಆ ಮಾತು ಇನ್ನೂ ಕಿವಿಯಲ್ಲೇ ಇದೆ. ನನಗೆ ನಾಚಿಕೆಯಾಗುತ್ತಿದೆ, ಜಯದೇವಿ. ಈಗ ಕಂಪ್ಯೂಟರ್ ಚೆನ್ನಾಗಿ ನಡೆಯುತ್ತಿದೆ. ನಿನ್ನ ಟಿಪ್ಪಣಿಗಳೆಲ್ಲ ಹಾಗೇ ಇವೆ. ಪರೀಕ್ಷೆಗೆ ಇನ್ನು ಹದಿನೈದೇ ದಿನ. ಬಂದು ಓದು. ಊದಿನಕಡ್ಡಿಯನ್ನು ದೇವರ ಕೋಣೆಯಲ್ಲೇ ಹಚ್ಚುತ್ತೇನೆ.

ನಿಮ್ಮ ಅವ್ವನಿಗೆ ನನ್ನ ಶರಣು ಹೇಳು.

ನಿನ್ನ ಮಾವ,
ಅಣವೀರಪ್ಪ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಬುರ್ಹಾನುದ್ದೀನ್ ಪೆಟ್ಟಿಗೆ ಬಿಚ್ಚಿದ್ದು ನೀನು ಹೋದ ಮೇಲಲ್ಲ. ಮಂಗಳವಾರ ಸಂಜೆಯೇ, ಅವನ ಅಂಗಡಿಯಲ್ಲಿ, ನನ್ನ ಕಣ್ಣೆದುರಿಗೆ. ಮರುದಿನ ಬೆಳಿಗ್ಗೆ ನೀನು ಬ್ಯಾಗು ಬದಿಗಿಟ್ಟು, ನನ್ನ ಕಾಲಿಗೆರಗಿ "ತಪ್ಪಾಗ್ಯಾದ್ರಿ ಮಾವಾರ" ಎಂದಾಗ ನನಗೆಲ್ಲ ಗೊತ್ತಿತ್ತು. ಆದರೂ ನಿನ್ನ ತಲೆಯ ಮೇಲೆ ಕೈಯಿಟ್ಟು "ಇರಲಿ ಬಿಡವ್ವ" ಎಂದೆ. ಇದೊಂದನ್ನು ನಿಮ್ಮ ಅವ್ವನಿಗೆ ಗಟ್ಟಿಯಾಗಿ ಓದಿ ಹೇಳು.