ಸೊನ್ನೆಗಿಂತ ಕೆಳಗೆ ಬಿದ್ದ ಮುಳ್ಳು

ಕಾಂಡಿಸ್, ಸುಮಾತ್ರಾ
೯ ಮಾರ್ಚ್ ೧೯೯೩

ಪ್ರೀತಿಯ ಪರುಲಿಯಾನ್ ಅಣ್ಣಾ,

ಹೇಗಿದ್ದೀಯ? ಬಾತಾಮಿನ ಹಡಗುಕಟ್ಟೆಯಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ ಇಲ್ಲವೋ? ಬೆನ್ನುನೋವು ಕಡಿಮೆಯಾಯಿತೇ? ಹದಿನಾಲ್ಕು ತಿಂಗಳಿಂದ ನಿನ್ನದೊಂದು ಸಾಲೂ ಇಲ್ಲ. ಅಮ್ಮನ ಕೆಮ್ಮೊಂದು ಬಿಟ್ಟರೆ ನಾವೆಲ್ಲ ಚೆನ್ನಾಗಿದ್ದೇವೆ.

ನೀನು ಬಿಟ್ಟುಹೋದ ಅದೇ ತಾಳೆಎಣ್ಣೆ ಗಿರಣಿಯಲ್ಲಿ, ಮೀಟರ್ ರಿಪೇರಿ ವಿಭಾಗದಲ್ಲಿ ನನಗೆ ಕೆಲಸ ಸಿಕ್ಕಿದೆ. ಮೇಸ್ತ್ರಿ ಸಿತೋಹಾಂಗ್ ಮೊದಲ ದಿನ "ಹುಡ್ಗೀರಿಗೇನ್ ಗೊತ್ತಾಗುತ್ತೆ ಬಾಯ್ಲರು" ಅಂದಿದ್ದರು. ಈಗ ನಾನಿಲ್ಲದೆ ಅವರಿಗೆ ಸ್ಪಾನರ್ ಕೂಡ ಸಿಗುವುದಿಲ್ಲ. ಹೋದ ತಿಂಗಳು ಬಾಯ್ಲರಿನ ನೀರಿನ ಮಟ್ಟ ಹೇಳುವ ಟ್ರಾನ್ಸ್‌ಮಿಟರ್ ಬಿಚ್ಚಿ ತೋರಿಸಿದರು. ಅಣ್ಣಾ, ನಾನು ದಂಗಾಗಿಬಿಟ್ಟೆ! ಕುದಿಯುವ ಆ ದೊಡ್ಡ ಪಾತ್ರೆಯೊಳಗೆ ಇಣುಕುವುದೇ ಬೇಡ. ಎರಡು ಸಪೂರ ಕೊಳವೆಗಳ ಒತ್ತಡದಲ್ಲಿರುವ ವ್ಯತ್ಯಾಸವನ್ನು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ತಗಡೊಂದು ಗುರುತಿಸುತ್ತದೆ. ಅದು ಕೂದಲೆಳೆಯಷ್ಟು ಬಾಗಿದರೂ ಸಾಕು, ಆ ಬಾಗು ಕರೆಂಟಾಗಿ ಹರಿದು ನೂರು ಮೀಟರ್ ದೂರದ ಮುಳ್ಳನ್ನು ಆಡಿಸುತ್ತದೆ. ಪಾತ್ರೆ ತುಂಬಿದರೆ ಇಪ್ಪತ್ತು ಮಿಲಿಆಂಪಿಯರ್. ಖಾಲಿಯಾದರೆ ಸೊನ್ನೆ ಅಂದುಕೊಂಡೆಯಾ? ಅಲ್ಲ, ನಾಲ್ಕು! ಆ ನಾಲ್ಕಕ್ಕೆ ಮುಳ್ಳು ಸೊನ್ನೆ ತೋರಿಸುತ್ತದೆ, ಅದೂ ಬರದಿದ್ದರೆ ಸೊನ್ನೆಗಿಂತ ಕೆಳಗೆ ಬೀಳುತ್ತದೆ. "ಖಾಲಿ ಅನ್ನೋದನ್ನೂ ಬಾಯಿಬಿಟ್ಟೇ ಹೇಳ್ಬೇಕಮ್ಮ. ಏನೂ ಹೇಳ್ಲಿಲ್ಲ ಅಂದ್ರೆ ವೈರೇ ಹೋಗಿದೆ ಅಂತ" ಎಂದರು ಮೇಸ್ತ್ರಿ. ಇದನ್ನು ಯೋಚಿಸಿದವನಿಗೆ ಕೈ ಮುಗಿಯಬೇಕು ಅನ್ನಿಸಿತು.

ಆಗ ನೀನು ಬಾಯ್ಲರ್ ನೋಡಿಕೊಳ್ಳುತ್ತಿದ್ದಾಗಿನ ಆ ದಿನ ನೆನಪಾಯಿತು. ಮುಳ್ಳು ದಿಢೀರನೆ ಸೊನ್ನೆಗಿಂತ ಕೆಳಗೆ ಬಿತ್ತು, ನೀರು ನೋಡುವ ಗಾಜೂ ಮಬ್ಬಾಗಿತ್ತು, ನೀರಿಲ್ಲದೆ ಉರಿದರೆ ಬಾಯ್ಲರ್ ಸಿಡಿಯುತ್ತದೆಂದು ನೀನು ಬೆಂಕಿ ಆರಿಸಿದೆ. ಗಿರಣಿ ನಿಂತು ರಾಶಿ ತಾಳೆಹಣ್ಣು ಕೊಳೆಯಿತು. ಆಮೇಲೆ ನೋಡಿದರೆ ನೀರು ಬೇಕಾದಷ್ಟಿತ್ತು. ಹೆಂಡದಂಗಡಿಯಲ್ಲಿ ಎಲ್ಲರೂ ನಕ್ಕರು. ಮೂವತ್ತು ವರ್ಷ ಅದೇ ಬಾಯ್ಲರ್ ನಡೆಸಿದ ಅಪ್ಪನೇ "ಹೆದರುಪುಕ್ಲ, ನನ್ನ ಮಾನ ಕಳ್ದೆ" ಅಂದರು. ನೀನು ಚೀಲ ಹಿಡಿದು ಹೊರಟೆ.

ಮರುದಿನವೇ ರಿಪೇರಿಯ ಹಳೇ ಪುಸ್ತಕ ತೆಗೆದು ನೋಡಿದೆ. ಇಲಿ ವೈರ್ ಕಡಿದಿತ್ತು ಎಂದು ಆಗಿನ ರಿಪೇರಿಯವರು ಬರೆದಿದ್ದಾರೆ. ತಮ್ಮ ತಪ್ಪು ಹೊರಬೀಳುತ್ತದೆಂದು ಯಾರಿಗೂ ಹೇಳಿಲ್ಲ. ನನಗೆ ಅಳುವೇ ಬಂತು. ಮೇಸ್ತ್ರಿಯನ್ನು ಮನೆಗೇ ಕರೆತಂದೆ. ಅಪ್ಪನೆದುರು ಕೂತು ಅವರು ಹೇಳಿದರು: "ಕಣ್ಣು ಹೋದ ಬಾಯ್ಲರಿಗೆ ಬೆಂಕಿ ಹಾಕೋನು ಧೈರ್ಯವಂತ ಅಲ್ಲಣ್ಣ, ಕೊಲೆಗಾರ. ನಿನ್ನ ಮಗ ಸರಿಯಾಗೇ ಮಾಡ್ದ." ಅಪ್ಪ ಎದ್ದು ಹಿತ್ತಲಿಗೆ ನಡೆದರು.

ಅಮ್ಮ ನಿನ್ನ ತಲೆ ಮುಟ್ಟಿ ಹರಸಿದ್ದೇನೆಂದು ಬರೆಯಲು ಹೇಳಿದ್ದಾಳೆ.

ನಿನ್ನ ತಂಗಿ,
ರೊಂಡಾಂಗ್

ತಾ.ಕ.: ಮೇಸ್ತ್ರಿ ಬಂದುಹೋದ ಮರುದಿನ ಅಪ್ಪ ಸಂತೆಯಿಂದ ಜೀವಂತ ಕೆಂಪು ಮೀನೊಂದನ್ನು ತಂದು ತೊಟ್ಟಿಗೆ ಬಿಟ್ಟಿದ್ದಾರೆ. ಮನೆಗೆ ಮರಳಿದ ಮಗನಿಗೆ ಇಡುವ ಹಾಗೆ, ತಲೆ-ಬಾಲ ಸಮೇತ ಇಡಿಯಾಗಿ ಬೇಯಿಸಿ ನಿನ್ನ ಮುಂದಿಡಬೇಕಂತೆ. ಅಮ್ಮ ಮುಟ್ಟಹೋದರೆ "ಅವ್ನು ಬರ್ಲಿ" ಎಂದು ಗದರುತ್ತಾರೆ. ದಿನಾ ಅಪ್ಪನ ಕೈಯಿಂದ ಅನ್ನ ತಿಂದು ಮೀನು ಕೊಬ್ಬಿದೆ. ಬರುವುದಿಲ್ಲವಾದರೆ ಅದನ್ನಾದರೂ ಬರಿ, ಅಣ್ಣಾ. ಆ ನಾಲ್ಕು ಮಿಲಿಆಂಪಿಯರ್ ಆದರೂ ಕಳಿಸು.