ಬಟ್ಟೆ ತುದಿಯ ಗಂಟು

ಅಕ್ಟೋಬರ್ 8, ಬುಧವಾರ

ಅಕೌಂಟ್ಸ್ ಕ್ಲಾಸಲ್ಲಿ ಎಲ್ಲರೂ ನಕ್ಕಿದ್ದು ಇನ್ನೂ ಕಿವೀಲೇ ಇದೆ. ಕಸ್ಟಮರ್ ಕೊಟ್ಟ ಅಡ್ವಾನ್ಸ್ ಬಿಲ್ ಮಾಡೋವರೆಗೂ ನಮ್ಮ ಇನ್‌ಕಮ್ ಅಲ್ಲ, ಲಯಬಿಲಿಟಿ ಅಂದ್ರು ಮೇಡಂ. ಅದರ ಲೆಕ್ಕ ಹೇಗಿಡ್ತೀರಿ ಅಂತ ಕೇಳಿದಾಗ ನಾನು ಸುಮ್ನಿರಬಾರದಿತ್ತಾ? "ಬಟ್ಟೆಗೆ ಗಂಟು ಹಾಕ್ತಾರೆ ಮೇಡಂ" ಅಂದುಬಿಟ್ಟೆ.

ಅಮ್ಮ ಹಾಗೇ ಮಾಡೋದು. ಅಮೃತೂರಲ್ಲಿ ಮನೇಲೇ ಹೊಲೀತಾಳೆ. ಯಾರು ಅಡ್ವಾನ್ಸ್ ಕೊಟ್ಟರೂ ಅವರದೇ ಬ್ಲೌಸ್ ಪೀಸಿನ ತುದೀಲಿ ಗಂಟು ಕಟ್ಟಿ ಇಡ್ತಾಳೆ. ಕತ್ತರಿ ಹಾಕೋವರೆಗೂ ಆ ದುಡ್ಡು ಮುಟ್ಟಲ್ಲ.

ಸಂಜೆ ಫೋನ್ ಮಾಡಿದೆ. ಹಿಂದೆ ಮಿಷನ್ ಸದ್ದು. ಆರನೇ ಕ್ಲಾಸಿಗೆ ಹಾಸ್ಟೆಲ್ ಸೇರೋವರೆಗೂ ಆ ಸದ್ದಿಗೇ ನಿದ್ದೆ ಬರ್ತಿತ್ತು ನನಗೆ. ಈಗ ನನ್ನ ಮಂಚದ ಮೇಲೆ ಕಸ್ಟಮರ್ ಬಟ್ಟೆ ಜೋಡಿಸಿದಾಳಂತೆ. ಒಂಥರಾ ಆಯ್ತು.

"ನನ್ನ ಚೂಡಿದಾರ್ ಪೀಸೂ ಯಾರಿಗೋ ಹೊಲಿದು ಕೊಟ್ಬಿಟ್ಯಾ?" ಅಂದೆ.

"ಹೋಗೇ, ತಮಾಷೆಗೆ ಹತ್ತು ರೂಪಾಯಿ ಅಡ್ವಾನ್ಸ್ ಕೊಟ್ಟು ಹೋದ್ಯಲ್ಲ, ಗಂಟು ಹಂಗೇ ಐತೆ."

"ಹಳೇ ಅಳತೆಗೆ ಹೊಲೀಬೋದಿತ್ತಲ್ಲಮ್ಮಾ."

"ಹಾಸ್ಟೆಲ್ ಊಟಕ್ಕೆ ಕಡ್ಡಿ ಆಗಿರ್ತೀಯ. ನೀನು ಬಂದು ಮುಂದೆ ನಿಂತ್ಕೊಳ್ಳೋಗಂಟ ಕತ್ತರಿ ಹಾಕಲ್ಲ ಕಣೇ."

ಅಳತೆ ತಗೊಂಡಾದ ಮೇಲೆ ಅಮ್ಮ ಟೇಪನ್ನ ನನ್ನ ಕುತ್ತಿಗೇಲೇ ಬಿಟ್ಟು ಮನೆಯೆಲ್ಲ ಹುಡುಕ್ತಾಳೆ. ನಾನು ಹೇಳೋದೇ ಇಲ್ಲ. ಅದೊಂದು ಬೇಕು ಈಗ.

ಶನಿವಾರ ಟೆಸ್ಟ್. ಮುಗಿದ ತಕ್ಷಣ ಕುಣಿಗಲ್ ಬಸ್ ಹಿಡಿದರೆ ಕತ್ತಲಾಗೋದ್ರೊಳಗೆ ಮನೆ. ಲೀವ್ ಲೆಟರಲ್ಲಿ ರೀಸನ್ ಏನಂತ ಬರೀಲಿ? ಅಳತೆ ಕೊಡೋಕೆ ಅಂದರೆ ವಾರ್ಡನ್ನೂ ನಗ್ತಾರೆ. ನಗಲಿ, ನಾನು ಅದನ್ನೇ ಬರೀತೀನಿ.