ಕೆರೆ ಮೇಲಿನ ಲಾಗಿನ್

ಜನವರಿ 8, ಸೋಮವಾರ
ಮತ್ತೆ ನಿಯಮಾವಳಿ. ಊರಿನ ನೀರು ಶುದ್ಧೀಕರಣ ಘಟಕದ ಕಂಪ್ಯೂಟರಿಗೆ ಹೊರಗಿನಿಂದ ಯಾರು, ಹೇಗೆ ಲಾಗಿನ್ ಆಗಬೇಕು — ನಾಲ್ಕನೇ ಕರಡು. ಪಾಸ್‌ವರ್ಡ್ ಜೊತೆ ಫೋನಿಗೆ ಬರುವ ಕೋಡ್ ಎಲ್ಲರಿಗೂ ಕಡ್ಡಾಯ. ಕಂಪ್ಯೂಟರ್ ಸೆಕ್ಯುರಿಟಿಯವರ ಆನ್‌ಲೈನ್ ಗ್ರೂಪಿನಲ್ಲಿ ಹಾಕಿದೆ. ಮೂವತ್ತು ಲೈಕ್! ಒಬ್ಬ ಬರೆದ: "ಯಾರಿಗೂ ವಿನಾಯಿತಿ ಕೊಡ್ಬೇಡ ಮಾರಾಯ್ತಿ." ಕೊಡಲ್ಲ ಅಂದೆ.

ಜನವರಿ 10
ವೆಂಡೆಲ್ ಬಂದರು. ಮೂವತ್ತು ವರ್ಷದಿಂದ ಪಂಪು ನೋಡಿಕೊಳ್ಳುವವರು. ಚಳಿಗಾಲದ ಪಾಳಿ ಮಾತ್ರ ಹೆಪ್ಪುಗಟ್ಟಿದ ಕೆರೆ ಮೇಲೆ, ಮೀನು ಹಿಡಿಯುವ ಗುಡಿಸಲಲ್ಲಿ, ಲ್ಯಾಪ್‌ಟಾಪಿನಿಂದಲೇ ಪಂಪು ನಡೆಸುತ್ತಾ.
"ಅಲ್ಲಮ್ಮ, ಅಲ್ಲಿ ಸ್ಯಾಟಲೈಟ್ ನೆಟ್ ಇದೆ. ನನ್ನ ಮಡಚೋ ಫೋನಿಗೆ ಸಿಗ್ನಲ್ ಇಲ್ಲ. ನಿನ್ನ ಕೋಡನ್ನ ಮೀನು ತಂದ್ಕೊಡುತ್ತಾ?"
"ದಡಕ್ಕೆ ಬನ್ನಿ."
"ಬರೋಷ್ಟರಲ್ಲಿ ಟ್ಯಾಂಕ್ ಖಾಲಿ. ಆಮೇಲೆ ನೀನೇ ಮನೆಮನೆಗೆ ಬಕೆಟ್ ಹೊರು."
ನಗು ಬಂತು. ಅವರೊಬ್ಬರಿಗೆ ಮಾರ್ಚ್‌ವರೆಗೆ ಕೋಡ್ ಬೇಡ ಎಂದು ನಿಯಮಾವಳಿಯಲ್ಲಿ ಸೇರಿಸಿದೆ. ಗ್ರೂಪಿನಲ್ಲಿ ಹೇಳಲಿಲ್ಲ.

ಜನವರಿ 19, ಶುಕ್ರವಾರ, ಮಧ್ಯಾಹ್ನ 12:40
ವೆಂಡೆಲ್ ನನ್ನೆದುರು ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದರು. ನನ್ನ ಸ್ಕ್ರೀನಿನಲ್ಲಿ — ವೆಂಡೆಲ್ ಹೊರಗಿನಿಂದ ಲಾಗಿನ್ ಆಗಿದ್ದರು.
"ನಿಮ್ಮ ಲ್ಯಾಪ್‌ಟಾಪ್ ಎಲ್ಲಿ?"
"ಟ್ರಕ್ಕಲ್ಲಿದೆ, ಆಫ್ ಮಾಡಿದೀನಿ. ಯಾಕೆ ಮುಖ ಬಿಳಿಚ್ಕೊಂಡೆ?"
ಓಡಿ ಹೋಗಿ ಇಂಟರ್ನೆಟ್ ಕೇಬಲ್ ಕಿತ್ತೆ.

2:15
ಲಾಗಿನ್ ದಾಖಲೆ ನೋಡಿದೆ: ಆರು ದಿನದಿಂದ ಯಾರೋ ವೆಂಡೆಲ್ ಹೆಸರಲ್ಲಿ ಬಂದು ಹೋಗುತ್ತಿದ್ದಾರೆ. ಪಾಸ್‌ವರ್ಡ್ ವೆಂಡೆಲ್ ದೋಣಿಯ ಹೆಸರಂತೆ. ದೋಣಿ ಮೇಲೇ ಬರೆಸಿದ್ದಾರೆ, ದೊಡ್ಡದಾಗಿ.
ನೀರಿಗೆ ಎಷ್ಟು ಕ್ಲೋರಿನ್ ಬೆರೆಸಬೇಕೆಂದು ನಿಗದಿ ಮಾಡುವ ಪುಟ ಹನ್ನೊಂದು ಸಲ ತೆರೆದಿದ್ದಾರೆ. ಏನಾದರೂ ಬದಲಾಯಿಸಿದರಾ? ಗೊತ್ತಿಲ್ಲ... ಈ ಹಳೇ ಕಂಪ್ಯೂಟರ್ ಯಾವ ಪುಟ ತೆರೆದರು ಎನ್ನುವುದನ್ನಷ್ಟೇ ದಾಖಲಿಸುತ್ತದೆ, ಬದಲಾವಣೆಯನ್ನಲ್ಲ.
ವೆಂಡೆಲ್ ಘಟಕದ ನೀರು ಪರೀಕ್ಷಿಸಿ ಬಂದರು. ಸರಿಯಿದೆ. ಆದರೆ ಊರಿನ ಪೈಪುಗಳಲ್ಲಿರುವುದು ಮೊನ್ನೆಯ ನೀರು.
"ಸುಮ್ನೆ ನೋಡಿ ಹೋಗಿರ್ತಾನೆ ಬಿಡು. ಸೋಮವಾರ ಎಲ್ಲಾ ಕಡೆ ಪರೀಕ್ಷೆ ಮಾಡೋಣ. ಈಗ ಲೋರ್ನಾಗೆ ಹೇಳಿದ್ರೆ, ಊರಿಗೆಲ್ಲ ನೀರು ಕುಡೀಬೇಡಿ ಅಂತ ಸಾರ್ತಾಳೆ. ಆಮೇಲೆ ನಿನ್ನ ಕೆಲಸ ತೆಗೀತಾಳೆ."
ಲೋರ್ನಾ ನಮ್ಮಿಬ್ಬರಿಗೂ ಮೇಲಧಿಕಾರಿ.
"ಸೋಮವಾರದವರೆಗೆ ಎಷ್ಟು ಜನ ಕುಡೀತಾರೆ, ವೆಂಡೆಲ್?"
"ನನ್ನ ಮೊಮ್ಮಗಳೂ ಕುಡೀತಾಳೆ" ಅಂದರು. ಮೇಜಿನ ಫೋನನ್ನು ನನ್ನ ಕಡೆ ತಳ್ಳಿದರು.

2:31
ರಿಂಗಾಗುತ್ತಿದೆ. ಎತ್ತುವವರೆಗೆ ಬರೆಯುತ್ತಿದ್ದೇನೆ. ವಿನಾಯಿತಿ ಕೊಟ್ಟವಳು ನಾನು ಅಂತ ಮೊದಲು ಹೇಳಲಾ... ಬೇಡ, ನೀರಿನ ವಿಷಯ ಮೊದಲು. ಹೇಳಿ ಮುಗಿಸುವವರೆಗೆ ಅಳಬಾರದು. ಲೋರ್ನಾ ಎತ್ತಿದರು —